ಅಕ್ಕಪಕ್ಕದ ಸಾಲು ನೋಡಿ ಹಾಕುವ ತೇಪೆ

ಹಳೆಯ ಕನ್ನಡ ಪುಸ್ತಕಗಳನ್ನು ತಿರುವಿಹಾಕಿದವರಿಗೆ ‘ತಪ್ಪು–ಒಪ್ಪು’ ಪಟ್ಟಿ ಗೊತ್ತಿದ್ದೇ ಇರುತ್ತದೆ. ಪುಟ 42, ಕೆಳಗಿನಿಂದ 7ನೇ ಸಾಲು, ‘ಬೇಡ’ ಎಂದಿರುವಲ್ಲಿ ‘ಬೇಕು’ ಎಂದು ಓದಿಕೊಳ್ಳಿ. ಇಡೀ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುವ ಬದಲು ಒಂದು ಚೀಟಿ ಅಂಟಿಸಿದರೆ ಪ್ರಕಾಶಕರ ಕೆಲಸ ಮುಗಿಯಿತು; ತಿದ್ದಿಕೊಳ್ಳುವುದು ಓದುವವರ ಪಾಡು. ತಂತ್ರಾಂಶದ ಸೋರ್ಸ್ ಕೋಡಿಗೆ ಹಾಕುವ ಪ್ಯಾಚ್ ಕೂಡ ಇಂಥದೇ ಚೀಟಿ. ಚೀಟಿ ಓದಿ ತಿದ್ದುವ ಕೆಲಸಕ್ಕೆ ಇಲ್ಲಿ ಒಬ್ಬ ಗುಮಾಸ್ತನೂ ಇದ್ದಾನೆ, ಅವನ ಹೆಸರೂ ಪ್ಯಾಚ್. ಬಹಳ ಚುರುಕು. ಆದರೆ ತಾನು ಓದಿದ್ದು ಒಂದಕ್ಷರವೂ ಅವನಿಗೆ ಅರ್ಥವಾಗುವುದಿಲ್ಲ. ಈ ಲೇಖನದ ಅರ್ಧ ಭಾಗ ಅವನನ್ನು ದುಡಿಸಿಕೊಳ್ಳುವುದು ಹೇಗೆ ಎಂಬುದಕ್ಕೆ, ಉಳಿದರ್ಧ ಅವನನ್ನು ಎಷ್ಟು ನಂಬಬಹುದು ಎಂಬುದಕ್ಕೆ.

ಪ್ಯಾಚ್ ಎಂಬ ಹೆಸರು ಬಂದದ್ದು ನಿಜವಾದ ತೇಪೆಯಿಂದಲೇ. ಪ್ರೋಗ್ರಾಮುಗಳು ಕಾಗದದ ಟೇಪಿನ ಮೇಲೆ ತೂತುಗಳಾಗಿ ಇರುತ್ತಿದ್ದ ಕಾಲದಲ್ಲಿ ತಪ್ಪು ತೂತಿನ ಮೇಲೆ ಕಾಗದದ ಚೂರು ಅಂಟಿಸಿ ಮುಚ್ಚುತ್ತಿದ್ದರು. ಎರಡು ಫೈಲುಗಳ ವ್ಯತ್ಯಾಸವನ್ನು ಪಟ್ಟಿ ಮಾಡುವ ಡಿಫ್ ಎಂಬ ಆಜ್ಞೆ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್ ಅವರ ಕೈಯಿಂದ ಬಂತು, 1974ರ ಯೂನಿಕ್ಸ್ ಐದನೇ ಆವೃತ್ತಿಯಲ್ಲಿ. ಆ ಪಟ್ಟಿಯನ್ನು ಇನ್ನೊಬ್ಬರ ಫೈಲಿಗೆ, ಅದೂ ಅಷ್ಟರಲ್ಲಿ ಅಲ್ಪಸ್ವಲ್ಪ ಬದಲಾಗಿಬಿಟ್ಟಿರುವ ಫೈಲಿಗೆ, ತಾನೇ ಹೊಂದಿಸಿ ಕೂರಿಸುವ ಪ್ಯಾಚ್ ಅನ್ನು ಲ್ಯಾರಿ ವಾಲ್ 1985ರಲ್ಲಿ ಹೊರತಂದರು. ಎರಡು ವರ್ಷದ ಮೇಲೆ ಪರ್ಲ್ ಭಾಷೆ ಕೊಟ್ಟವರೂ ಇವರೇ. ಅಂದಿನ ನಿಧಾನದ ಮೋಡೆಮ್‌ಗಳಲ್ಲಿ ಇಡೀ ಪ್ರೋಗ್ರಾಮ್ ಕಳಿಸುವುದಕ್ಕಿಂತ ನಾಲ್ಕು ಸಾಲಿನ ಚೀಟಿ ಕಳಿಸುವುದು ಎಷ್ಟು ದೊಡ್ಡ ಅನುಕೂಲವಾಗಿತ್ತೆಂದು ಊಹಿಸಿಕೊಳ್ಳಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇವನ್ನು, ದೊಡ್ಡಕ್ಷರ ಎಂದು ಹೇಳಿರುವಲ್ಲಿ ಬಿಟ್ಟು, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು. ಪ್ಯಾಚ್‌ನ ಒಳಗಿರುವ ಸಾಲುಗಳಿಗೆ ಮಾತ್ರ ಭಾಷೆಯ ಹಂಗಿಲ್ಲ. ಸಿ ಭಾಷೆಯ ಕೋಡಾದರೂ ಸರಿ, ಅಡುಗೆಯ ಟಿಪ್ಪಣಿಯಾದರೂ ಸರಿ, ಗುಮಾಸ್ತನಿಗೆ ಎಲ್ಲವೂ ಬರೀ ಸಾಲು. ಹಾಗಾಗಿ ಅಡುಗೆಯನ್ನೇ ತೆಗೆದುಕೊಳ್ಳೋಣ:

--- ಹಳೆ/ತಿಳಿಸಾರು
+++ ಹೊಸ/ತಿಳಿಸಾರು
@@ -3,7 +3,8 @@
 ತೊಗರಿಬೇಳೆ ಬೇಯಿಸಿ ಕಟ್ಟು ಬಸಿದುಕೊಳ್ಳಿ
 ಹುಣಸೆಹಣ್ಣು ನೆನೆಸಿ ಹಿಂಡಿ
 ಟೊಮೇಟೊ ಹೆಚ್ಚಿ ಹಾಕಿ
-ಉಪ್ಪು ಎರಡು ಚಮಚ
+ಉಪ್ಪು ಒಂದು ಚಮಚ
+ಬೆಲ್ಲ ಒಂದು ಚೂರು
 ಸಾರಿನ ಪುಡಿ ಹಾಕಿ ಕುದಿಸಿ
 ತುಪ್ಪದಲ್ಲಿ ಸಾಸಿವೆ, ಇಂಗಿನ ಒಗ್ಗರಣೆ
 ಕೊತ್ತಂಬರಿ ಸೊಪ್ಪು ಉದುರಿಸಿ

ಮೊದಲೆರಡು ಸಾಲು ಯಾವ ಫೈಲು ಎಂದು ಹೇಳುತ್ತವೆ. @@ ಇರುವ ಸಾಲು ವಿಳಾಸ: ಹಳೆಯ ಫೈಲಿನ 3ನೇ ಸಾಲಿನಿಂದ 7 ಸಾಲು ತೆಗೆದುಕೋ, ಹೊಸದರಲ್ಲಿ ಅದು 3ನೇ ಸಾಲಿನಿಂದ 8 ಸಾಲಾಗುತ್ತದೆ. ಮೈನಸ್ ಇದ್ದದ್ದು ಹೋಗುತ್ತದೆ, ಪ್ಲಸ್ ಇದ್ದದ್ದು ಬರುತ್ತದೆ, ಬರೀ ಖಾಲಿ ಜಾಗದಿಂದ ಶುರುವಾದದ್ದು ಇದ್ದ ಹಾಗೇ ಇರುತ್ತದೆ. ಇಂಥ ಒಂದು ತುಂಡಿಗೆ ಹಂಕ್ ಎನ್ನುತ್ತಾರೆ. ಒಂದು ಪ್ಯಾಚ್‌ನಲ್ಲಿ ಹಂಕ್ ಒಂದಿರಬಹುದು, ನೂರಿರಬಹುದು. ಯೂನಿಫೈಡ್ ಎಂಬ ಈ ರೂಪ ಕೊಟ್ಟವರು ವೇಯ್ನ್ ಡೇವಿಸನ್, 1990ರಲ್ಲಿ. ಇದನ್ನು ಹುಟ್ಟಿಸುವ ಆಜ್ಞೆ ‘ಡಿಫ್ -ಯು’, ಅದರ ಮುಂದೆ ಹಳೆಯ ಫೈಲು, ಆಮೇಲೆ ಹೊಸ ಫೈಲು. ಇಡೀ ಫೋಲ್ಡರುಗಳನ್ನು ಹೋಲಿಸಬೇಕಿದ್ದರೆ ‘-ಯು’ ಜೊತೆಗೆ ಸಣ್ಣ ಆರ್, ದೊಡ್ಡ ಎನ್ ಸೇರಿಸಬೇಕು.

ಬದಲಾಗದ ಸಾಲುಗಳನ್ನು ಮೇಲೆ ಮೂರು, ಕೆಳಗೆ ಮೂರು ಹೊತ್ತು ತಿರುಗುವುದೇಕೆ? ಬೆಂಗಳೂರಿನಲ್ಲಿ ಮನೆ ಹುಡುಕಿದವರು ಇದಕ್ಕೆ ಉತ್ತರ ಹೇಳಬಲ್ಲರು. ಬಾಗಿಲಿನ ಮೇಲೆ ಹಳೆಯ ನಂಬರು ಒಂದು, ಹೊಸ ನಂಬರು ಒಂದು. ನಂಬರು ನಂಬಿ ಹೊರಟವನು ಅಲೆಯುತ್ತಾನೆ. ‘ಗಣೇಶನ ಗುಡಿ ದಾಟಿ, ಹಾಲಿನ ಬೂತು ಎದುರಿಗೆ, ಪಕ್ಕದಲ್ಲಿ ಇಸ್ತ್ರಿ ಅಂಗಡಿ’ ಎಂದು ಕೇಳಿಕೊಂಡು ಹೊರಟವನು ತಲುಪುತ್ತಾನೆ. ಸಾಲಿನ ಸಂಖ್ಯೆ ಬಾಗಿಲ ನಂಬರಿದ್ದಂತೆ. ಯಾರೋ ಫೈಲಿನ ಮೇಲ್ಭಾಗಕ್ಕೆ ಐದು ಸಾಲು ಸೇರಿಸಿದರೆ ಸಾಕು, ಕೆಳಗಿನ ನಂಬರೆಲ್ಲ ತಪ್ಪಿಹೋಗುತ್ತವೆ. ನೆರೆಹೊರೆ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಪ್ಯಾಚ್ ಮೊದಲು ಹೇಳಿದ ನಂಬರಿಗೆ ಹೋಗುತ್ತದೆ. ಅಲ್ಲಿ ನೆರೆಹೊರೆ ತಾಳೆಯಾಗದಿದ್ದರೆ ಅಲ್ಲಿಂದ ಹಿಂದೆ ಮುಂದೆ ಹುಡುಕುತ್ತ ದೂರ ಹೆಚ್ಚಿಸಿಕೊಂಡು ಹೋಗುತ್ತದೆ. ಬೇರೆ ಕಡೆ ಸಿಕ್ಕರೆ ಎಷ್ಟು ಸಾಲು ಸರಿದಿದೆ ಎಂದು ‘ಆಫ್‌ಸೆಟ್’ ಎಂಬ ಮಾತಿನಿಂದ ತಿಳಿಸುತ್ತದೆ. ಎಲ್ಲೂ ಸಿಗದಿದ್ದರೆ ನೆರೆಯವರಲ್ಲಿ ತೀರ ಹೊರಗಿನವರನ್ನು, ಅಂದರೆ ಮೊದಲ ಸಾಲನ್ನೂ ಕೊನೆಯ ಸಾಲನ್ನೂ, ಬಿಟ್ಟು ಮತ್ತೆ ಹುಡುಕುತ್ತದೆ. ಆಗಲೂ ಇಲ್ಲವೆಂದರೆ ಎರಡೆರಡು ಸಾಲು ಬಿಡುತ್ತದೆ. ಈ ಸಡಿಲಿಕೆಗೆ ‘ಫಜ್’ ಎಂದು ಹೆಸರು. ನಾವು ಬೇರೆ ಹೇಳದಿದ್ದರೆ ಗ್ನೂ ಪ್ಯಾಚ್ ಫಜ್ 2ರ ತನಕ ಇಳಿಯುತ್ತದೆ, ಅದರಾಚೆಗೆ ಕೈಚೆಲ್ಲುತ್ತದೆ.

ಹಂಕ್ ಇಂಥ ಸಾಲಿನಲ್ಲಿ ಸಕ್ಸೀಡೆಡ್ ಎಂಬ ಸಂದೇಶ ತೆರೆಯ ಮೇಲೆ ಬಂದ ಕೂಡಲೇ ಕಾಫಿಗೆ ಏಳುವ ಅಭ್ಯಾಸ ನನಗೂ ಇತ್ತು. ಅದು ಬಿಟ್ಟುಹೋದ ಕಥೆ ಹೀಗೆ. ಒಂದು ಹಳೆಯ ಸಿ ಪ್ರೋಗ್ರಾಮ್. ಅದರಲ್ಲಿ ಎರಡು ಫಂಕ್ಷನ್‌ಗಳು ಅವಳಿಜವಳಿ. ಯಾರೋ ಹಿಂದೆ ಒಂದನ್ನು ಕಾಪಿ ಮಾಡಿ ಇನ್ನೊಂದು ಮಾಡಿದ್ದರು. ಮೊದಲನೆಯದು 100ನೇ ಸಾಲಿನಲ್ಲಿ, ಎರಡನೆಯದು 300ರಲ್ಲಿ ಎಂದಿಟ್ಟುಕೊಳ್ಳಿ. ನನ್ನ ಕೈಲಿದ್ದ ಪ್ಯಾಚ್ ಎರಡನೆಯದಕ್ಕೆ ಬರೆದದ್ದು. ಆದರೆ ನನ್ನ ಬಳಿಯಿದ್ದ ಆವೃತ್ತಿಯಲ್ಲಿ ಮೇಲ್ಗಡೆ 180 ಸಾಲು ಹೊಸದಾಗಿ ಸೇರಿತ್ತು. ಅಂದರೆ ಅವಳಿಗಳು ಈಗ 280ರಲ್ಲಿ ಮತ್ತು 480ರಲ್ಲಿ. ಗುಮಾಸ್ತ 300ನೇ ಬಾಗಿಲಿಗೆ ಹೋದ, ನೆರೆಹೊರೆ ಸರಿಯಿಲ್ಲ, ಹುಡುಕಿದ. ಇಪ್ಪತ್ತೇ ಸಾಲು ಹಿಂದೆ, 280ರಲ್ಲಿ, ಅದೇ ಗುಡಿ ಅದೇ ಬೂತು ಅದೇ ಇಸ್ತ್ರಿ ಅಂಗಡಿ! ಚೀಟಿ ಕೊಟ್ಟು ಬಂದ. ಫಜ್ ಕೂಡ ಬೇಕಾಗಲಿಲ್ಲ. ಕೋಡ್ ತಕರಾರಿಲ್ಲದೆ ಕಂಪೈಲ್ ಆಯಿತು. ಸರಿಹೋಗಬೇಕಾದ್ದು ಸರಿಹೋಗಲಿಲ್ಲ, ಸರಿಯಿದ್ದದ್ದು ಕೆಟ್ಟಿತು, ನನಗೆ ಎರಡು ದಿನ ಹಿಡಿಯಿತು. ‘ಆಫ್‌ಸೆಟ್ ಮೈನಸ್ 20’ ಎಂದು ಅವನು ಹೇಳಿಯೇ ಇದ್ದ, ನಾನು ಕೇಳಿಸಿಕೊಂಡಿರಲಿಲ್ಲ. ಪ್ಯಾಚ್ ಕೂತಿತೋ ಇಲ್ಲವೋ ಎಂಬುದು ಅರ್ಧ ಪ್ರಶ್ನೆ. ಎಲ್ಲಿ ಕೂತಿತು ಎಂಬುದು ಉಳಿದರ್ಧ. ಆಫ್‌ಸೆಟ್ ದೊಡ್ಡದಿದ್ದರೆ ಅಥವಾ ಫಜ್ ಎಂಬ ಪದ ಕಂಡರೆ ಫೈಲು ತೆರೆದು ಕಣ್ಣಾರೆ ನೋಡಬೇಕು.

ಇನ್ನು ಕೈಕೆಲಸ. ಬಿಚ್ಚಿದ ಸೋರ್ಸ್ ಫೋಲ್ಡರಿನ ಒಳಗೆ ನಿಂತು ಮೊದಲು ಒಂದು ರಿಹರ್ಸಲ್:

ಪ್ಯಾಚ್ -ಪಿ1 --ಡ್ರೈ-ರನ್ < ../ತಿದ್ದುಪಡಿ.ಪ್ಯಾಚ್

ಫೈಲುಗಳನ್ನು ಮುಟ್ಟದೆ, ಮುಟ್ಟಿದರೆ ಏನಾಗುತ್ತದೆ ಎಂದಷ್ಟೇ ಇದು ಹೇಳುತ್ತದೆ. ಒಪ್ಪಿಗೆಯಾದರೆ ಡ್ರೈ-ರನ್ ತೆಗೆದು ಮತ್ತೆ ಅದೇ ಆಜ್ಞೆ.

ಹೊಸಬರು ಮೊದಲು ಎಡವುವುದು -ಪಿ1 ಎಂಬಲ್ಲಿ. ಪ್ಯಾಚ್ ಬರೆದವರ ಕಂಪ್ಯೂಟರಿನಲ್ಲಿ ಫೈಲಿನ ದಾರಿ ‘ಹೊಸ/ಎಸ್‌ಆರ್‌ಸಿ/ಹಲೋ.ಸಿ’ ಎಂದಿತ್ತು. ನಿಮ್ಮಲ್ಲಿ ‘ಹೊಸ’ ಎಂಬ ಫೋಲ್ಡರೇ ಇಲ್ಲ. ಪಿ ಪಕ್ಕದ ಅಂಕಿ, ದಾರಿಯ ಮುಂಭಾಗದಿಂದ ಎಷ್ಟು ಓರೆಗೆರೆಗಳ ತನಕ ಕತ್ತರಿಸಿ ಬಿಸಾಡಬೇಕು ಎಂದು ಹೇಳುತ್ತದೆ. ಪಿ0 ಎಂದರೆ ಇದ್ದ ಹಾಗೇ. ಪಿ1 ಎಂದರೆ ‘ಎಸ್‌ಆರ್‌ಸಿ/ಹಲೋ.ಸಿ’, ಪಿ2 ಎಂದರೆ ಬರೀ ‘ಹಲೋ.ಸಿ’. ಗಿಟ್ ತಯಾರಿಸುವ ಪ್ಯಾಚ್‌ಗಳಲ್ಲಿ ದಾರಿಯ ಮುಂದೆ ಎ/ ಮತ್ತು ಬಿ/ ಎಂಬ ಸುಳ್ಳು ಫೋಲ್ಡರುಗಳು ಇರುವುದರಿಂದ ಇವತ್ತು ಹತ್ತಕ್ಕೆ ಒಂಬತ್ತು ಸಲ ಪಿ1 ಸರಿಯಾಗುತ್ತದೆ. ಪಿ ಕೊಡದೇ ಬಿಟ್ಟರೆ ಗುಮಾಸ್ತ ದಾರಿಯನ್ನೆಲ್ಲ ಬಿಸಾಡಿ ಫೈಲಿನ ಹೆಸರಷ್ಟನ್ನೇ ಹಿಡಿದು ಹುಡುಕುತ್ತಾನೆ. ಒಂದೊಂದು ಫೋಲ್ಡರಿನಲ್ಲೂ ಒಂದೊಂದು ಮೇಕ್‌ಫೈಲ್ ಇರುವ ಪ್ರಾಜೆಕ್ಟಿನಲ್ಲಿ ಇದರ ಫಲವೇನೆಂದು ಬೇರೆ ಹೇಳಬೇಕಿಲ್ಲ. ಪ್ಯಾಚ್ ಹಾಕಬೇಕಾದ ಫೈಲ್ ಸಿಗಲಿಲ್ಲ ಎಂದು ಅವನು ಕೇಳಿದಾಗ ಉತ್ತರ ಟೈಪ್ ಮಾಡಲು ಹೋಗಬೇಡಿ. ಕಂಟ್ರೋಲ್-ಸಿ ಒತ್ತಿ ಹೊರಬಂದು, ಪ್ಯಾಚ್‌ನ ಮೊದಲೆರಡು ಸಾಲು ಓದಿ, ಸರಿಯಾದ ಅಂಕಿ ಕೊಡಿ.

ಕೂತ ಪ್ಯಾಚ್ ಕಿತ್ತುಹಾಕುವುದಕ್ಕೆ ಅದೇ ಆಜ್ಞೆಗೆ ದೊಡ್ಡಕ್ಷರದ -ಆರ್ ಸೇರಿಸಿದರಾಯಿತು; ಪ್ಲಸ್ಸುಗಳು ಮೈನಸ್ಸಾಗುತ್ತವೆ. ಕೂರದ ಹಂಕ್‌ಗಳನ್ನು ಗುಮಾಸ್ತ ಬಿಸಾಡುವುದಿಲ್ಲ, ಮೂಲ ಫೈಲಿನ ಹೆಸರಿಗೆ .ರೆಜ್ ಎಂಬ ಬಾಲ ಸೇರಿಸಿ ಪಕ್ಕದಲ್ಲಿಡುತ್ತಾನೆ. ಗಮನಿಸಿ, ಐದು ಹಂಕ್‌ನಲ್ಲಿ ಮೂರು ಕೂತು ಎರಡು ಕೂರದಿದ್ದರೆ ಆ ಮೂರನ್ನು ಅವನು ವಾಪಸು ತೆಗೆಯುವುದಿಲ್ಲ, ಫೈಲು ಅರ್ಧ ತಿದ್ದಿದ ಸ್ಥಿತಿಯಲ್ಲೇ ಉಳಿಯುತ್ತದೆ. ಗಿಟ್ ಅಪ್ಲೈ ಆಜ್ಞೆಯ ಸ್ವಭಾವ ಬೇರೆ. ಅದು ಎಲ್ಲ ಕೂತರೆ ಕೂರಿಸುತ್ತದೆ, ಒಂದು ತಪ್ಪಿದರೂ ಏನನ್ನೂ ಮುಟ್ಟುವುದಿಲ್ಲ, ಫಜ್ ಎಂಬ ಔದಾರ್ಯವೂ ಅದಕ್ಕಿಲ್ಲ. ನನಗೆ ಈಗೀಗ ಆ ಬಿಗುಮಾನವೇ ಹಿಡಿಸುತ್ತದೆ.

ನೆರೆಹೊರೆ ಕಣ್ಣಿಗೆ ಒಂದೇ ಥರ ಕಂಡರೂ ಪ್ಯಾಚ್ ಕೂರುತ್ತಿಲ್ಲವೆಂದರೆ ಅನುಮಾನ ಕಾಣದ ಅಕ್ಷರಗಳ ಮೇಲೆ ಹೋಗಲಿ. ವಿಂಡೋಸ್‌ನಲ್ಲಿ ಉಳಿಸಿದ ಫೈಲಿನ ಪ್ರತಿ ಸಾಲಿನ ತುದಿಗೂ ಒಂದು ಹೆಚ್ಚಿನ ಗುರುತು ಇರುತ್ತದೆ. ಬ್ರೌಸರಿನಿಂದ ಕಾಪಿ ಮಾಡಿ ಅಂಟಿಸಿದ ಪ್ಯಾಚ್‌ನಲ್ಲಿ ಟ್ಯಾಬ್‌ಗಳು ಖಾಲಿ ಜಾಗಗಳಾಗಿ ಮಾರ್ಪಟ್ಟಿರುತ್ತವೆ. ಪ್ಯಾಚ್ ಅನ್ನು ಫೈಲಾಗಿಯೇ ಇಳಿಸಿಕೊಳ್ಳಿ, ಅಂಟಿಸಬೇಡಿ.

ಇಷ್ಟು ಒಂಟಿ ಫೈಲಿನ ಸಂಗತಿ. ಲಿನಕ್ಸ್ ವಿತರಣೆಗಳ ಸೋರ್ಸ್ ಪ್ಯಾಕೇಜಿಗೆ ಬಂದರೆ ಶಿಸ್ತು ಹೆಚ್ಚು, ಅದಕ್ಕೆ ಕಾರಣವೂ ಇದೆ. ಡೆಬಿಯನ್‌ನಲ್ಲಿ ಕಲಿಕೆಗೆಂದೇ ಇರುವಂಥ ಒಂದು ಪುಟ್ಟ ಪ್ಯಾಕೇಜ್ ಇದೆ, ಗ್ನೂ ಯೋಜನೆಯ ಹಲೋ. ಓಡಿಸಿದರೆ ‘ಹಲೋ, ವರ್ಲ್ಡ್!’ ಎಂದು ಹೇಳಿ ಸುಮ್ಮನಾಗುತ್ತದೆ. ಡೆಬಿಯನ್ 12ರಲ್ಲಿ ಅದರ ಆವೃತ್ತಿ 2.10-3. ಆಪ್ಟ್‌ನ ಪಟ್ಟಿಯಲ್ಲಿ ಡೆಬ್-ಎಸ್‌ಆರ್‌ಸಿ ಸಾಲು ಇದ್ದರೆ

ಆಪ್ಟ್ ಸೋರ್ಸ್ ಹಲೋ

ಎಂದಾಗ ಮುಖ್ಯವಾಗಿ ಮೂರು ಫೈಲು ಇಳಿಯುತ್ತವೆ. .ಆರಿಜ್ ಎಂಬ ಗುರುತಿನದು ಮೂಲ ಲೇಖಕರು ಬಿಡುಗಡೆ ಮಾಡಿದ ಗಂಟು. ಅದನ್ನು ಯಾರೂ ಬಿಚ್ಚಿ ತಿದ್ದುವಂತಿಲ್ಲ. .ಡೆಬಿಯನ್ ಎಂಬುದು ಡೆಬಿಯನ್‌ನವರು ಸೇರಿಸಿದ್ದೆಲ್ಲ ಇರುವ ಇನ್ನೊಂದು ಗಂಟು. .ಡಿಎಸ್‌ಸಿ ಎಂಬುದು ಇವೆರಡರ ಲೆಕ್ಕ ಮತ್ತು ಬೆರಳಚ್ಚು. 2.10 ಮೂಲದವರದ್ದು, 3 ಡೆಬಿಯನ್‌ನವರದ್ದು. ಹೀಗೆ ಬೇರೆ ಬೇರೆ ಇಟ್ಟಿರುವುದರಿಂದ ಯಾರು ಏನು ಬದಲಿಸಿದರು ಎಂಬ ಪ್ರಶ್ನೆಗೆ ಹತ್ತು ವರ್ಷದ ಮೇಲೂ ಉತ್ತರ ಸಿಗುತ್ತದೆ. ಬದಲಾವಣೆಗಳೆಲ್ಲ ‘ಡೆಬಿಯನ್/ಪ್ಯಾಚಸ್’ ಫೋಲ್ಡರಿನಲ್ಲಿ ಒಂದೊಂದು ಫೈಲಾಗಿ ಇರುತ್ತವೆ. ಅಲ್ಲೇ ಇರುವ ‘ಸೀರೀಸ್’ ಎಂಬ ಫೈಲು ಅವನ್ನು ಯಾವ ಕ್ರಮದಲ್ಲಿ ಹಾಕಬೇಕೆಂದು ಸಾಲಿಗೊಂದು ಹೆಸರಿನಂತೆ ಹೇಳುತ್ತದೆ. ಗಂಟು ಬಿಚ್ಚುವಾಗಲೇ ಆ ಕ್ರಮದಲ್ಲಿ ಪ್ಯಾಚ್‌ಗಳು ಕೂತಿರುತ್ತವೆ.

ಪ್ಯಾಚ್‌ಗಳ ಈ ಸರಣಿಯನ್ನು ನೋಡಿಕೊಳ್ಳುವ ಸಲಕರಣೆ ಕ್ವಿಲ್ಟ್, ನಮ್ಮ ಕೌದಿ. ಹೆಸರಿಟ್ಟವರಿಗೆ ತೇಪೆಯ ನೆನಪಿತ್ತು. ಲಿನಕ್ಸ್ ಕರ್ನಲ್‌ನ ಆಂಡ್ರ್ಯೂ ಮಾರ್ಟನ್ ತಮ್ಮ ನೂರಾರು ಪ್ಯಾಚ್ ಸಂಭಾಳಿಸಲು ಬರೆದುಕೊಂಡಿದ್ದ ಸ್ಕ್ರಿಪ್ಟುಗಳಿಂದ ಇದು ಬೆಳೆಯಿತು. ಮೊದಲು ಕ್ವಿಲ್ಟ್_ಪ್ಯಾಚಸ್ ಎಂಬ ಪರಿಸರ ಚರಕ್ಕೆ, ದೊಡ್ಡಕ್ಷರಗಳಲ್ಲಿ, ಡೆಬಿಯನ್/ಪ್ಯಾಚಸ್ ಎಂದು ಬೆಲೆ ಕೊಟ್ಟಿರಬೇಕು. ಆಮೇಲೆ:

ಕ್ವಿಲ್ಟ್ ಪುಶ್ -ಎ
ಕ್ವಿಲ್ಟ್ ನ್ಯೂ ನಮಸ್ಕಾರ.ಪ್ಯಾಚ್
ಕ್ವಿಲ್ಟ್ ಆ್ಯಡ್ ಎಸ್‌ಆರ್‌ಸಿ/ಹಲೋ.ಸಿ

ಮೊದಲನೆಯದು ಇರುವ ಪ್ಯಾಚ್‌ಗಳನ್ನೆಲ್ಲ ಹಾಕುತ್ತದೆ. ಎಲ್ಲ ಆಗಲೇ ಹಾಕಿದ್ದರೆ, ಅಥವಾ ಹಾಕಲು ಏನೂ ಇಲ್ಲದಿದ್ದರೆ, ಹಾಗೆಂದು ಗೊಣಗಿ ಸುಮ್ಮನಾಗುತ್ತದೆ. ಎರಡನೆಯದು ಹೊಸ ಚೀಟಿ ತೆರೆಯುತ್ತದೆ. ಮೂರನೆಯದನ್ನು ಮರೆಯದವರು ಕಡಿಮೆ: ಫೈಲು ತಿದ್ದುವ ಮೊದಲೇ ಆ್ಯಡ್ ಮಾಡಬೇಕು, ಯಾಕೆಂದರೆ ಆ ಕ್ಷಣದಲ್ಲಿ ಕ್ವಿಲ್ಟ್ ಹಳೆಯ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳುತ್ತದೆ. ತಿದ್ದಿದ ಮೇಲೆ ಸೇರಿಸಿದರೆ ತಿದ್ದಿದ್ದೇ ಹಳೆಯದೆಂದು ಅದರ ಲೆಕ್ಕ, ಪ್ಯಾಚ್ ಖಾಲಿ. ‘ಕ್ವಿಲ್ಟ್ ಎಡಿಟ್’ ಎಂದರೆ ಎರಡೂ ಒಟ್ಟಿಗೆ ಆಗುತ್ತವೆ. ನನ್ನಂಥ ಮರೆಗುಳಿಗಳಿಗೆ ಅದೇ ಕ್ಷೇಮ.

ಹಲೋ.ಸಿ ತೆರೆದು ‘ಹಲೋ, ವರ್ಲ್ಡ್!’ ಇರುವಲ್ಲಿ, ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ, ನಮಸ್ಕಾರ ಎಂದು ಹಾಕಿ ಉಳಿಸಿ. (ನಿಜಕ್ಕೂ ಕನ್ನಡದಲ್ಲಿ ಮಾತಾಡಿಸಲು ಸರಿಯಾದ ದಾರಿ ಅನುವಾದದ ಫೈಲು, ಪ್ಯಾಚ್ ಅಲ್ಲ. ಇಲ್ಲಿ ಮೂಲ ವಾಕ್ಯವನ್ನೇ ಕಿತ್ತರೆ ಬೇರೆ ಭಾಷೆಯವರ ಅನುವಾದಗಳೆಲ್ಲ ತಾಯಿಬೇರು ಕಳೆದುಕೊಳ್ಳುತ್ತವೆ. ಪಾಠಕ್ಕೆಂದು ಮಾಡುತ್ತಿದ್ದೇವೆ, ಅಷ್ಟೆ.) ಆಮೇಲೆ ‘ಕ್ವಿಲ್ಟ್ ರಿಫ್ರೆಶ್’. ಆಗಷ್ಟೇ ಪ್ಯಾಚ್ ಫೈಲು ಬರೆಯಲ್ಪಡುವುದು. ಅದರ ತಲೆಗೆ ಇದು ಏನು, ಬರೆದವರು ಯಾರು, ಮೂಲ ಲೇಖಕರಿಗೆ ಕಳಿಸಿದ್ದೀರೋ ಇಲ್ಲವೋ ಎಂದು ನಾಲ್ಕು ಸಾಲು ಸೇರಿಸುವುದು ಡೆಬಿಯನ್‌ನ ಪದ್ಧತಿ. ಪ್ಯಾಚ್ ಆಜ್ಞೆ ಆ ಸಾಲುಗಳನ್ನು ಕಸವೆಂದು ದಾಟಿಹೋಗುತ್ತದೆ, ಮುಂದೆ ಓದುವ ಮನುಷ್ಯ ದಾಟುವುದಿಲ್ಲ.

ಪ್ಯಾಕೇಜ್ ಕಟ್ಟುವ ಮೊದಲು ‘ಡಿಸಿಎಚ್ --ಲೋಕಲ್’ ಬಳಸಿ ಆವೃತ್ತಿಯ ತುದಿಗೆ ನಿಮ್ಮದೊಂದು ಗುರುತು ಸೇರಿಸಿ. ಆಗ ಅದು 2.10-3ಕ್ಕಿಂತ ದೊಡ್ಡದು, ಮುಂದೆ ಬರುವ 2.10-4ಕ್ಕಿಂತ ಚಿಕ್ಕದು. ನಿಮ್ಮ ತೇಪೆ ಇವತ್ತಿನ ಪ್ಯಾಕೇಜನ್ನು ಗೆಲ್ಲುತ್ತದೆ, ನಾಳೆಯ ಸುರಕ್ಷತಾ ಅಪ್‌ಡೇಟಿಗೆ ಅಡ್ಡ ನಿಲ್ಲುವುದಿಲ್ಲ. ‘ಆಪ್ಟ್ ಬಿಲ್ಡ್-ಡೆಪ್ ಹಲೋ’ ಎಂದು ಕಟ್ಟಲು ಬೇಕಾದ ಸರಂಜಾಮು ತರಿಸಿಕೊಂಡು, ‘ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ -ಯುಎಸ್ -ಯುಸಿ’ ಎಂದು ಹೊಡೆಯಿರಿ.

ಕಟ್ಟುವುದು ಅರ್ಧದಲ್ಲಿ ನಿಲ್ಲುತ್ತದೆ! ಪ್ಯಾಚ್ ಸರಿಯಾಗೇ ಕೂತಿದೆ, ಕಂಪೈಲೂ ಆಗಿದೆ. ಆದರೆ ಹಲೋದ ಜೊತೆಗೆ ಅದರ ಪರೀಕ್ಷೆಗಳೂ ಬರುತ್ತವೆ, ಅವುಗಳಲ್ಲೊಂದು ಈ ಪ್ರೋಗ್ರಾಮ್ ‘ಹಲೋ, ವರ್ಲ್ಡ್!’ ಎಂದೇ ಹೇಳಬೇಕೆಂದು ಹಟ ಹಿಡಿಯುತ್ತದೆ. ಪರೀಕ್ಷೆಯ ಫೈಲನ್ನೂ ಅದೇ ಪ್ಯಾಚ್‌ಗೆ ಸೇರಿಸಿ ತಿದ್ದಬೇಕು. ಪರೀಕ್ಷೆಯನ್ನೇ ಬಿಟ್ಟು ಕಟ್ಟುವ ಅಡ್ಡದಾರಿ ಇದೆ. ಹಲೋ ವಿಷಯದಲ್ಲಿ ಪರವಾಗಿಲ್ಲ, ಅಭ್ಯಾಸವಾದರೆ ಕಷ್ಟ. ಇನ್ನೊಂದು ಸಂಗತಿ: ಪ್ಯಾಕೇಜ್ ಬಿಚ್ಚುವಾಗ ಡೆಬಿಯನ್ ಫಜ್ ಅನ್ನು ಒಪ್ಪುವುದೇ ಇಲ್ಲ, ಸೊನ್ನೆ. ನೆರೆಹೊರೆ ಒಂದು ಸಾಲು ತಪ್ಪಿದರೂ ಪ್ಯಾಚ್ ರಿಫ್ರೆಶ್ ಮಾಡಿಕೊಂಡು ಬಾ ಎನ್ನುತ್ತದೆ. ಫೆಡೋರಾದ ಕಡೆಯವರ ಆರ್‌ಪಿಎಂ ಲೋಕದಲ್ಲೂ ಇದೇ ಬಿಗಿ; ಅಲ್ಲಿ ಪ್ಯಾಚ್‌ಗಳ ಹೆಸರು ಸ್ಪೆಕ್ ಫೈಲಿನಲ್ಲಿ ಪ್ಯಾಚ್0, ಪ್ಯಾಚ್1 ಎಂದು ಸಾಲಾಗಿರುತ್ತವೆ, ಆಟೋಸೆಟಪ್ ಎಂಬ ಒಂದು ಸಾಲು ಎಲ್ಲವನ್ನೂ ಹಾಕುತ್ತದೆ. ಕರ್ನಲ್‌ನವರದ್ದು ಮಾತ್ರ ಒಂದು ವಿಚಿತ್ರ ನೆನಪಿಡಬೇಕು: 6.1.5ರ ಪ್ಯಾಚ್ ಕೂರುವುದು 6.1ರ ಮೇಲೆ, 6.1.4ರ ಮೇಲಲ್ಲ. ಮೊದಲು ಹಿಂದಿನದನ್ನು -ಆರ್ ಕೊಟ್ಟು ಕಿತ್ತು, ಆಮೇಲೆ ಹೊಸದು.

ಇಷ್ಟೆಲ್ಲ ಬಿಗಿ ಇದ್ದೂ ತಪ್ಪಬಹುದು ಎಂಬುದಕ್ಕೆ ಡೆಬಿಯನ್‌ನ ಮನೆಯದೇ ಕಥೆ ಇದೆ. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯಲ್ಲಿ ಬೆಲೆಯೇ ಕೊಡದ ಮೆಮೊರಿಯನ್ನು ಓದುತ್ತಿದೆ ಎಂದು ತಪ್ಪು ಹುಡುಕುವ ಸಲಕರಣೆಗಳು ದೂರುತ್ತಿದ್ದವು. ದೂರು ನಿಲ್ಲಿಸಲು 2006ರಲ್ಲಿ ಡೆಬಿಯನ್‌ನ ಪ್ಯಾಚ್ ಒಂದೇ ಥರ ಕಾಣುತ್ತಿದ್ದ ಎರಡು ಸಾಲುಗಳನ್ನು ಎರಡು ಕಡೆ ನಿಷ್ಕ್ರಿಯಗೊಳಿಸಿತು. ಒಂದು ಕಡೆ ತೆಗೆದದ್ದರಿಂದ ನಷ್ಟವಿರಲಿಲ್ಲ. ಇನ್ನೊಂದು ಕಡೆಯದು ಯಾದೃಚ್ಛಿಕ ಸಂಖ್ಯೆಗಳಿಗೆ ಜೀವ ತುಂಬುತ್ತಿದ್ದ ಸಾಲು. ಅದು ಹೋದ ಮೇಲೆ ಉಳಿದದ್ದು ಪ್ರೋಸೆಸ್‌ನ ಸಂಖ್ಯೆ ಮಾತ್ರ, ಅದು ಹೆಚ್ಚೆಂದರೆ 32,768 ಬಗೆ. ಅಂದರೆ ಒಂದು ಬಗೆಯ, ಒಂದು ಅಳತೆಯ ಕೀಲಿಗಳನ್ನು ಊಹಿಸಲು ಅಷ್ಟೇ ಸಲ ಪ್ರಯತ್ನಿಸಿದರೆ ಸಾಕು. 2008ರ ಮೇ 13ರಂದು ವಿಷಯ ಪ್ರಕಟವಾದಾಗ ಆ ಪ್ಯಾಚ್ ಬಂದ ಮೇಲೆ ಡೆಬಿಯನ್, ಉಬುಂಟುಗಳಲ್ಲಿ ಕೀಲಿ ಮಾಡಿಕೊಂಡಿದ್ದವರೆಲ್ಲ ಅವನ್ನು ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು. ಹೆಚ್ಚೂಕಡಿಮೆ ಇಪ್ಪತ್ತು ತಿಂಗಳು ಆ ಪ್ಯಾಚ್ ಯಾವ ತಕರಾರಿಲ್ಲದೆ ಕೂತಿತ್ತು. ಗುಮಾಸ್ತನ ತಪ್ಪೇನೂ ಇರಲಿಲ್ಲ. ಚೀಟಿಯಲ್ಲಿ ಬರೆದಂತೆಯೇ ಅವನು ಮಾಡಿದ್ದ.

ಹೊರಗಿನಿಂದ ಬಂದ ಪ್ಯಾಚ್ ಹಾಕುವ ಮುನ್ನ ಓದುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ಕಾಲದ ಇಡಿ ಎಂಬ ಎಡಿಟರ್‌ನ ಆಜ್ಞೆಗಳ ರೂಪದಲ್ಲಿರುವ ಪ್ಯಾಚನ್ನೂ ಪ್ಯಾಚ್ ಆಜ್ಞೆ ಒಪ್ಪುತ್ತದೆ. ಅದನ್ನು ಇಡಿಗೇ ದಾಟಿಸುತ್ತದೆ. ಇಡಿಗೆ ಶೆಲ್ ಆಜ್ಞೆಗಳನ್ನು ಓಡಿಸುವ ಶಕ್ತಿಯಿದೆ. ಚೀಟಿಯಲ್ಲಿ ಕೇಡಿನ ಸಾಲು ಬರೆದು ಕಳಿಸಿದರೆ ತಿದ್ದುವ ಬದಲು ನಿಮ್ಮ ಕಂಪ್ಯೂಟರಿನಲ್ಲಿ ಇನ್ನೇನೋ ಓಡಿಸಬಹುದಿತ್ತು. 2018ರಲ್ಲಿ ಈ ಬಿರುಕು ಬಯಲಾಯಿತು, ಮುಚ್ಚಲೂ ಆಯಿತು. ಮುಚ್ಚಿದ್ದು ಇನ್ನೊಂದು ಪ್ಯಾಚ್‌ನಿಂದ, ಬೇರೆ ದಾರಿಯೇನಿದೆ!

ಇನ್ನು ನಿಮ್ಮ ಪ್ಯಾಚ್ ನಿಜಕ್ಕೂ ಒಂದು ದೋಷ ಸರಿಪಡಿಸಿದ್ದಾದರೆ ಅದನ್ನು ಮೂಲ ಲೇಖಕರಿಗೆ ಕಳಿಸಿ. ನೀವೇ ಹೊತ್ತುಕೊಂಡಿದ್ದರೆ ಪ್ರತಿ ಹೊಸ ಆವೃತ್ತಿಗೂ ಕ್ವಿಲ್ಟ್ ಪುಶ್, ರಿಫ್ರೆಶ್ ಎಂದು ಕೂರಬೇಕು. ಕಳಿಸಿ ತಿಂಗಳುಗಳಾದ ಮೇಲೆ ಒಂದು ದಿನ ಹೊಸ ಆವೃತ್ತಿ ಇಳಿಸಿ ಅಭ್ಯಾಸಬಲದಿಂದ ಅದೇ ಪ್ಯಾಚ್ ಹಾಕಲು ಹೋದಾಗ ಗುಮಾಸ್ತ ಮುಖ ಗಂಟಿಕ್ಕಿ ಕೇಳುತ್ತಾನೆ: ಇದು ತಿರುಗುಮುರುಗಾಗಿದೆಯೋ, ಅಥವಾ ಮೊದಲೇ ಹಾಕಿದ್ದೋ, -ಆರ್ ಎಂದುಕೊಳ್ಳಲೇ? ಬೇಡ ಎನ್ನಿ. ಹೌದೆಂದರೆ ಒಳಗೆ ಸೇರಿರುವ ನಿಮ್ಮದೇ ತಿದ್ದುಪಡಿಯನ್ನು ಅವನು ವಿಧೇಯನಾಗಿ ಕಿತ್ತುಹಾಕುತ್ತಾನೆ. ಫೈಲು ತೆರೆದು ನೋಡಿ. ನಿಮ್ಮ ಸಾಲು ಅಲ್ಲಿ ಇದ್ದರೆ ‘ಕ್ವಿಲ್ಟ್ ಡಿಲೀಟ್’ ಕೊಟ್ಟು ಸೀರೀಸ್‌ನಿಂದ ಆ ಒಂದು ಹೆಸರು ತೆಗೆದುಬಿಡಿ.